ದೂರದ ಯುದ್ಧ, ದುರ್ಗದ ಲೆಕ್ಕ

2022ರ ಫೆಬ್ರುವರಿ 24ರಂದು ರಷ್ಯಾದ ಸೇನೆ ಉಕ್ರೇನಿನ ಗಡಿ ದಾಟಿತು. ಉಕ್ರೇನಿನ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ಆಗ ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದಾಗಿತ್ತು, ಉಳಿದದ್ದರಲ್ಲಿ ದೊಡ್ಡ ಪಾಲು ರಷ್ಯಾದ್ದಾಗಿತ್ತು. ಹಾಗಾಗಿ ಯುದ್ಧದ ಬಿಸಿ ದಿನಸಿ ಅಂಗಡಿಗೆ ತಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ತಾಳೆಎಣ್ಣೆ ರಫ್ತನ್ನೂ ನಿಲ್ಲಿಸಿದಾಗ ಅಡುಗೆಮನೆಯ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಒಂದು ಕಾಲಕ್ಕೆ ಸಾಲುಸಾಲು ಶೇಂಗಾ ಗಿರಣಿಗಳಿಂದ ‘ಎಣ್ಣೆ ನಗರಿ’ ಎಂದು ಹೆಸರಾಗಿದ್ದ ಚಳ್ಳಕೆರೆಯಲ್ಲೂ ಜನ ಆಮದು ಎಣ್ಣೆಯ ಪೊಟ್ಟಣ ಹಿಡಿದು ದರ ವಿಚಾರಿಸುವಂತಾಯಿತು. ತೊಂಬತ್ತರ ದಶಕದಲ್ಲಿ ಎಣ್ಣೆ ಆಮದಿನ ಬಾಗಿಲು ತೆರೆದ ಮೇಲೆ ಇಲ್ಲಿನ ಗಿರಣಿಗಳು ಸೊರಗಿದವು. ತನ್ನ ಹೊಲದಲ್ಲಿ ಎಣ್ಣೆಕಾಳು ಬೆಳೆಯುವ ಸೀಮೆ ಒಗ್ಗರಣೆಗೆ ಒಡೆಸಾ ಬಂದರಿನ ಕಡೆ ನೋಡುವ ಸ್ಥಿತಿಗೆ ಬಂದದ್ದು ಹೀಗೆ.

ಗೊಬ್ಬರದ ಕಥೆಯೂ ಅದೇ. ರಷ್ಯಾ ಮತ್ತು ಬೆಲಾರೂಸ್ ಪೊಟ್ಯಾಷ್ ಕಳಿಸುವ ದೇಶಗಳು. ಯೂರಿಯಾ ತಯಾರಿಕೆಗೆ ಬೇಕಾದ ಅನಿಲದ ದರವೂ ಯುದ್ಧದೊಂದಿಗೆ ಏರಿತು. ಆ ವರ್ಷ ಕೇಂದ್ರದ ಗೊಬ್ಬರ ಸಬ್ಸಿಡಿ ಎರಡು ಲಕ್ಷ ಕೋಟಿ ರೂಪಾಯಿ ದಾಟಿತು. ಮಳೆ ಅತಿ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಸೇರುತ್ತವೆ. ಇಲ್ಲಿ ಬಿತ್ತನೆ ಎನ್ನುವುದೇ ಒಂದು ಪಂಥ. ಅದರ ಮೇಲೆ ಯುದ್ಧದ ಭಾರವೂ ಬಂದು ಕೂತಿತು.

ಇನ್ನು ಜೀವದ ಲೆಕ್ಕ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಆಹಾರ ತರಲೆಂದು ಹೊರಗೆ ಬಂದಿದ್ದ. ಮೂರು ವಾರದ ನಂತರ ಊರಿಗೆ ಬಂದ ಮಗನ ದೇಹವನ್ನು ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಎರಡು ವರ್ಷದ ಮೇಲೆ, ಸೆಕ್ಯುರಿಟಿ ಕೆಲಸವೆಂದು ನಂಬಿಸಿ ಕರೆದೊಯ್ದ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾದ ಸೇನೆಯ ಜೊತೆ ಯುದ್ಧಭೂಮಿಯಲ್ಲಿ ಸಿಲುಕಿದ್ದ ಸುದ್ದಿ ಬಂತು. ಒಂದೇ ಯುದ್ಧದ ಎರಡೂ ಕಡೆ ನಮ್ಮ ಮಕ್ಕಳಿದ್ದರು.

ಇಷ್ಟೆಲ್ಲ ಇದ್ದೂ ನಾವು ಯುದ್ಧದ ಬಗ್ಗೆ ವಾದಿಸುವಾಗ ಎರಡು ತಂಡಗಳ ಪಂದ್ಯ ನೋಡುವವರಂತೆ ಮಾತಾಡುತ್ತೇವೆ. ಅಮೆರಿಕ ಸರಿಯೋ ರಷ್ಯಾ ಸರಿಯೋ, ಯಾರ ಕ್ಷಿಪಣಿ ದೊಡ್ಡದು, ಯಾರು ಯಾರಿಗೆ ಪಾಠ ಕಲಿಸಿದರು ಎಂಬುದರಲ್ಲೇ ಸಂಜೆ ಮುಗಿಯುತ್ತದೆ. ಚಿತ್ರದುರ್ಗದ ಸೀಮೆಯವರು ಹೀಗೆ ವಾದಿಸುವುದು ಸಲ್ಲದು ಎಂಬುದು ಈ ಲೇಖನದ ನಿಲುವು. ಎರಡು ಸರ್ಕಾರಗಳ ನಡುವೆ, ದೊಡ್ಡ ಶಕ್ತಿಗಳ ಸೇನೆಗಳ ನಡುವೆ ಸಿಕ್ಕಿಕೊಂಡ ನೆಲ ಏನಾಗುತ್ತದೆ ಎಂಬುದು ಈ ಸೀಮೆಗೆ ಓದಿ ತಿಳಿಯಬೇಕಾದ ಸಂಗತಿಯಲ್ಲ. ಇಲ್ಲಿ ಅದು ನಡೆದುಹೋಗಿದೆ, ಅದರ ಗುರುತು ಇಂದಿಗೂ ಕಣ್ಣೆದುರಿಗಿದೆ.

ಒಂದು ನೆಲ, ಎರಡು ಸರ್ಕಾರ

ಇಂದಿನ ಹಲವು ಯುದ್ಧಗಳಲ್ಲಿ ದೇಶ ಒಂದು, ‘ನಾವೇ ಸರ್ಕಾರ’ ಎನ್ನುವವರು ಇಬ್ಬರು. ಯೆಮೆನ್‌ನ ರಾಜಧಾನಿ ಸನಾ 2014ರಿಂದ ಹೌತಿಗಳ ಕೈಯಲ್ಲಿದೆ; ಜಗತ್ತು ಮಾನ್ಯ ಮಾಡಿದ ಸರ್ಕಾರ ಏಡನ್ನಿಗೆ ಸರಿಯಿತು, ಅದರ ಪರವಾಗಿ 2015ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾ ಬಾಂಬು ಹಾಕಲು ಆರಂಭಿಸಿತು. ಲಿಬಿಯಾದಲ್ಲಿ ಟ್ರಿಪೋಲಿಯದು ಒಂದು ಆಡಳಿತ, ಪೂರ್ವದಲ್ಲಿ ಹಫ್ತಾರ್ ಬಣದ್ದು ಇನ್ನೊಂದು. ಒಂದರ ಬೆನ್ನಿಗೆ ಟರ್ಕಿ, ಇನ್ನೊಂದರ ಬೆನ್ನಿಗೆ ರಷ್ಯಾ. ಉಕ್ರೇನ್ ಮೇಲೆ ದಾಳಿ ಮಾಡುವ ಮೂರು ದಿನ ಮೊದಲು ರಷ್ಯಾ ಅದರದೇ ನೆಲದ ದೊನೆಟ್ಸ್ಕ್ ಮತ್ತು ಲುಹಾನ್ಸ್ಕ್‌ಗಳನ್ನು ಪ್ರತ್ಯೇಕ ಗಣರಾಜ್ಯಗಳೆಂದು ಮಾನ್ಯ ಮಾಡಿತು. ಆ ಗಣರಾಜ್ಯಗಳು ನೆರವು ಕೇಳಿದವು ಎಂಬುದು ಸೇನೆ ನುಗ್ಗಿಸಲು ಕೊಟ್ಟ ಕಾರಣಗಳಲ್ಲೊಂದು.

ವಿಶ್ವಸಂಸ್ಥೆಯ ಸನ್ನದಿನ ಪ್ರಕಾರ ಒಂದು ದೇಶ ಇನ್ನೊಂದರ ಮೇಲೆ ಬಲ ಪ್ರಯೋಗಿಸುವಂತಿಲ್ಲ. ತನ್ನ ಮೇಲೆ ದಾಳಿಯಾದಾಗ ಆತ್ಮರಕ್ಷಣೆಗೆ, ಅಥವಾ ಭದ್ರತಾ ಮಂಡಳಿ ಒಪ್ಪಿದಾಗ ಮಾತ್ರ ಅವಕಾಶ. ಇವೆರಡರ ಜೊತೆಗೆ ಮೂರನೆಯ ದಾರಿಯೊಂದಿದೆ: ಆ ದೇಶದ ಸರ್ಕಾರವೇ ಆಹ್ವಾನಿಸಿದರೆ ಹೊರಗಿನ ಸೇನೆ ಹೋಗಬಹುದು. 2015ರ ಸೆಪ್ಟೆಂಬರ್ 30ರಂದು ಸಿರಿಯಾದಲ್ಲಿ ವಾಯುದಾಳಿ ಆರಂಭಿಸಿದ ರಷ್ಯಾ ಅಸಾದ್ ಸರ್ಕಾರದ ಆಹ್ವಾನವನ್ನು ತೋರಿಸಿತು. ಅದಕ್ಕಾಗಿಯೇ ‘ನಿಜವಾದ ಸರ್ಕಾರ ಯಾವುದು’ ಎಂಬ ಪ್ರಶ್ನೆ ಇಷ್ಟು ದೊಡ್ಡದಾಗುವುದು. ಸರ್ಕಾರ ಯಾವುದೆಂದು ತೀರ್ಮಾನಿಸುವವನ ಕೈಗೆ ಸೇನೆ ಕಳಿಸುವ ಪರವಾನಗಿಯೂ ಸಿಗುತ್ತದೆ.

ಈ ಪ್ರಶ್ನೆಯ ನಡುವೆ ಸಿಕ್ಕಿಕೊಂಡ ಕನ್ನಡನಾಡಿನವರಿದ್ದಾರೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನಾ ಮುಖ್ಯಸ್ಥ ಬುರ್ಹಾನ್ ಮತ್ತು ಅರೆಸೇನಾ ಪಡೆಯ ನಾಯಕ ಹೆಮೆದ್ತಿ ನಡುವೆ ಕಾಳಗ ಶುರುವಾದಾಗ ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿದ್ದರು. ಡಾರ್ಫುರ್ ಪ್ರಾಂತ್ಯದ ಅಲ್ ಫಾಶಿರ್ ನಗರದಲ್ಲಿ ಅನ್ನ ನೀರಿಲ್ಲದೆ ಸಿಲುಕಿದವರ ಸುದ್ದಿ ಚುನಾವಣೆಯ ಹೊತ್ತಿನ ಕರ್ನಾಟಕದಲ್ಲಿ ರಾಜಕೀಯ ಜಟಾಪಟಿಗೂ ಕಾರಣವಾಯಿತು. ಏಪ್ರಿಲ್ 24ರಂದು ಆರಂಭವಾದ ‘ಆಪರೇಷನ್ ಕಾವೇರಿ’ ಮೂರೂವರೆ ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಹೊರತಂದಿತು. ಹಕ್ಕಿಪಿಕ್ಕಿಗಳು ಊರು ಸೇರಿದರು.

ಅವರು ಬಿಟ್ಟುಬಂದ ಊರಿಗೆ ಆ ಭಾಗ್ಯ ಇರಲಿಲ್ಲ. ಅಲ್ ಫಾಶಿರ್ ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಅರೆಸೇನಾ ಪಡೆಯ ವಶವಾಯಿತು, ಸಾಮೂಹಿಕ ಕೊಲೆಗಳ ವರದಿಗಳು ಬಂದವು. ಅದಕ್ಕೆ ಮೊದಲೇ ಆ ಪಡೆ ನ್ಯಾಲಾ ನಗರದಲ್ಲಿ ಸಮಾನಾಂತರ ಸರ್ಕಾರ ಘೋಷಿಸಿತ್ತು. ಆಫ್ರಿಕಾ ಒಕ್ಕೂಟ ಅದನ್ನು ಒಪ್ಪಲಿಲ್ಲ. ಈಜಿಪ್ಟ್ ಸೇನೆಯ ಪರ ನಿಂತಿತು. ಅರೆಸೇನೆಗೆ ಆಯುಧ ಒದಗಿಸುತ್ತಿದೆ ಎಂಬ ಆರೋಪ ಸಂಯುಕ್ತ ಅರಬ್ ಎಮಿರೇಟ್ಸ್ ಮೇಲಿದೆ, ಆ ದೇಶ ಅದನ್ನು ಅಲ್ಲಗಳೆಯುತ್ತದೆ. ನಮ್ಮವರು ಔಷಧಿ ಮಾರಿದ ಬೀದಿಗಳ ಜನ ಈ ಎಲ್ಲರ ನಡುವೆ ಉಳಿದುಬಿಟ್ಟರು.

ಎದುರಾದವನೂ ಹೋದ, ಜೊತೆಗಿದ್ದವನೂ ಹೋದ

ಇದೇ ಪರಿಸ್ಥಿತಿಯನ್ನು ಇನ್ನೂರೈವತ್ತು ವರ್ಷ ಹಿಂದಕ್ಕೆ ಒಯ್ದು, ನಕಾಶೆಯನ್ನು ಚಿತ್ರದುರ್ಗಕ್ಕೆ ತಂದು ನೋಡೋಣ.

1773ರಲ್ಲಿ ಪುಣೆಯಲ್ಲಿ ಪೇಶ್ವೆ ನಾರಾಯಣರಾಯನ ಕೊಲೆಯಾಯಿತು. ಚಿಕ್ಕಪ್ಪ ರಘುನಾಥರಾಯ ‘ನಾನು ಪೇಶ್ವೆ’ ಎಂದ. ನಾನಾ ಫಡ್ನವೀಸ್ ಮೊದಲಾದವರು ಸತ್ತವನ ಹಸುಗೂಸನ್ನು ಪೇಶ್ವೆ ಎಂದರು. ಒಂದು ರಾಜ್ಯಕ್ಕೆ ಎರಡು ಸರ್ಕಾರವಾಯಿತು. ರಘುನಾಥರಾಯ ಹೊರಗಿನವರ ನೆರವು ಹುಡುಕಿದ. 1775ರ ಸೂರತ್ ಒಪ್ಪಂದದಲ್ಲಿ ಇಂಗ್ಲಿಷರ ಪಡೆಯನ್ನು ಕೇಳಿದ, ಬದಲಿಗೆ ನೆಲ ಬರೆದುಕೊಟ್ಟ. ಮೈಸೂರಿನ ಹೈದರಾಲಿ ಅವನನ್ನೇ ಪೇಶ್ವೆಯೆಂದು ಮಾನ್ಯ ಮಾಡಿದ. ಬದಲಿಗೆ ಕೃಷ್ಣಾ ನದಿಯ ದಕ್ಷಿಣದ ಸೀಮೆಯ ಮೇಲೆ ಹೈದರನ ಹಕ್ಕಿಗೆ ಒಪ್ಪಿಗೆ ಸಿಕ್ಕಿತು. ಆ ದಕ್ಷಿಣದ ಸೀಮೆಯಲ್ಲಿ ಇದ್ದವರು ಯಾರು? ಚಿತ್ರದುರ್ಗ, ರಾಯದುರ್ಗ, ಹರಪನಹಳ್ಳಿಯ ಪಾಳೆಯಗಾರರು, ಅವರ ಹಟ್ಟಿಗಳ ಜನ. ಅವರನ್ನು ಯಾರೂ ಕೇಳಲಿಲ್ಲ.

ದುರ್ಗದ ಮದಕರಿ ನಾಯಕನಿಗೆ ಈ ಆಟ ಹೊಸದೇನಲ್ಲ. 1763ರ ಬಿದನೂರು ದಂಡಯಾತ್ರೆಯಲ್ಲಿ ಅವನು ಹೈದರನ ಜೊತೆಗಿದ್ದ. 1770ರಲ್ಲಿ ಪೇಶ್ವೆ ಮಾಧವರಾಯನ ಕಡೆ ನಿಂತ. ಮರಾಠರಿಗೆ ಮಣಿಯದ ನಿಜಗಲ್ಲಿನ ಕೋಟೆಯನ್ನು ಹತ್ತಿದ್ದು ದುರ್ಗದ ಬೇಡರೇ. ಇಬ್ಬರು ದೊಡ್ಡವರ ನಡುವಿನ ಚಿಕ್ಕ ಸಂಸ್ಥಾನಕ್ಕೆ ಕಾಲಕ್ಕೆ ತಕ್ಕಂತೆ ಪಕ್ಷ ಬದಲಿಸುವುದೊಂದೇ ದಾರಿ ಎಂದು ಅವನಿಗೆ ಅನ್ನಿಸಿರಬೇಕು. ಆದರೆ ಆ ದಾರಿ ಎಷ್ಟು ದೂರ ಒಯ್ಯುತ್ತದೆ? 1777ರಲ್ಲಿ ಹೈದರ್ ಕೋಟೆಯನ್ನು ಮುತ್ತಿದ. ಮರಾಠರ ದಂಡು ಬರುತ್ತಿದೆ ಎಂದಾಗ ದೊಡ್ಡ ಮೊತ್ತದ ಕಪ್ಪಕ್ಕೆ ಒಪ್ಪಿ ಮುತ್ತಿಗೆ ತೆಗೆದ. ಹೈದರ್ ನೆರವಿಗೆ ಬಾ ಎಂದು ಕರೆದಾಗ ನಾಯಕ ಯಾರು ಗೆಲ್ಲುತ್ತಾರೋ ನೋಡೋಣವೆಂದು ತಡಮಾಡಿದ. ಮರಾಠರ ಕೆಲಸ ಮುಗಿಸಿದ ಹೈದರ್ ಮತ್ತೆ ಬಂದ. ತಿಂಗಳುಗಟ್ಟಲೆ ಕೋಟೆ ಮಣಿಯಲಿಲ್ಲ. ಕಡೆಗೆ ನಾಯಕನ ಚಾಕರಿಯಲ್ಲಿದ್ದ ಪಡೆಯ ಒಂದು ಭಾಗ ಹೈದರನ ಕಡೆ ತಿರುಗಿ 1779ರಲ್ಲಿ ದುರ್ಗ ಬಿತ್ತು. ಒನಕೆ ಓಬವ್ವನ ನೆನಪು ಈ ಮುತ್ತಿಗೆಯ ದಿನಗಳದ್ದು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ತಮ್ಮ ಕೊನೆಯ ದೊಡ್ಡ ಕಾದಂಬರಿ ‘ದುರ್ಗಾಸ್ತಮಾನ’ಕ್ಕೆ ಆರಿಸಿಕೊಂಡದ್ದು ಈ ಪತನವನ್ನೇ.

ಕೋಟೆ ಬಿದ್ದ ಕಥೆಯನ್ನು ನಾವು ಹೇಳಿಕೊಳ್ಳುತ್ತೇವೆ. ಕೋಟೆ ಬಿದ್ದ ಮೇಲಿನ ಕಥೆಯನ್ನು ಕಡಿಮೆ ಹೇಳುತ್ತೇವೆ. ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರು. ಬೇಡರ ಬಲ ಮುರಿಯಲೆಂದು ಸುಮಾರು 20 ಸಾವಿರ ಜನರನ್ನು ದುರ್ಗದ ಸೀಮೆಯಿಂದ ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದರು. ವಯಸ್ಸಿಗೆ ಬಂದ ಹುಡುಗರನ್ನು ಆರಿಸಿ ‘ಚೇಲಾ’ ಪಡೆಗಳಲ್ಲಿ ಸಿಪಾಯಿಗಳನ್ನಾಗಿ ತಯಾರು ಮಾಡಿದರು. ಇಂದಿನ ಭಾಷೆಯಲ್ಲಿ ಇದಕ್ಕೆ ಬಲವಂತದ ಸ್ಥಳಾಂತರ, ಮಕ್ಕಳ ಸೇನಾ ಭರ್ತಿ ಎನ್ನುತ್ತಾರೆ. ಉಕ್ರೇನಿನ ಮರಿಯುಪೋಲಿನಿಂದ, ಡಾರ್ಫುರ್‌ನಿಂದ ಇಂಥ ಸುದ್ದಿ ಬಂದಾಗ ಈ ಸೀಮೆಯವರು ಅದನ್ನು ಹೊರಗಿನ ಸುದ್ದಿಯೆಂದು ಓದಬೇಕಿಲ್ಲ.

ಇನ್ನು ರಾಯದುರ್ಗದ ನಾಯಕ. ಅವನ ಸೀಮೆ ಮೊಳಕಾಲ್ಮುರಿಗೆ ಅಂಟಿಕೊಂಡದ್ದು. ದುರ್ಗದವರಿಗೂ ರಾಯದುರ್ಗದವರಿಗೂ ಹಳೆಯ ಹಗೆ. ದುರ್ಗದ ಮೇಲೆ ಬಿದ್ದ ಹೈದರನ ಪಕ್ಷವನ್ನು ರಾಯದುರ್ಗ ಹಿಡಿಯಿತು. ಗೆದ್ದ ಪಕ್ಷ ಹಿಡಿದವನು ಉಳಿದನೆ? ಇಲ್ಲ. 1786ರಲ್ಲಿ ಆದವಾನಿಯ ಮುತ್ತಿಗೆಗೆ ತಕ್ಕ ನೆರವು ಕೊಡಲಿಲ್ಲವೆಂದು ಹೈದರನ ಮಗ ಟಿಪ್ಪು ರಾಯದುರ್ಗ ಮತ್ತು ಹರಪನಹಳ್ಳಿಯ ಪಾಳೆಯಗಾರರಿಬ್ಬರನ್ನೂ ಹಿಡಿಸಿ ಬೇಡಿ ಹಾಕಿಸಿದ. ದೊಡ್ಡ ಶಕ್ತಿಗೆ ಎದುರಾದ ನಾಯಕ 1779ರಲ್ಲಿ ಹೋದ. ಜೊತೆಗೆ ನಿಂತ ನಾಯಕ ಏಳು ವರ್ಷ ತಡವಾಗಿ ಹೋದ. ಯಾವ ದೊಡ್ಡವನನ್ನು ಸೇರಿದರೆ ಲಾಭ ಎಂಬ ಲೆಕ್ಕಾಚಾರಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಇರಲಾರದು.

ಸೇನೆಯ ಬಾಬ್ತಿಗೆ ಹೋದ ಸೀಮೆ

ಆಮೇಲೆ ಆ ದೊಡ್ಡವರನ್ನೂ ಇನ್ನೂ ದೊಡ್ಡವರು ನುಂಗಿದರು. 1792 ಮತ್ತು 1799ರಲ್ಲಿ ಟಿಪ್ಪುವಿನ ರಾಜ್ಯ ಒಡೆದಾಗ ಬಳ್ಳಾರಿ, ಅನಂತಪುರ, ಕಡಪ ಭಾಗಗಳು ನಿಜಾಮನ ಪಾಲಿಗೆ ಬಂದವು. ನಿಜಾಮ ತನ್ನ ರಕ್ಷಣೆಗೆಂದು ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಇಟ್ಟುಕೊಂಡಿದ್ದ. ಆ ಸೇನೆಯ ಖರ್ಚಿಗಾಗಿ 1800ರ ಅಕ್ಟೋಬರ್‌ನಲ್ಲಿ ಈ ಇಡೀ ಸೀಮೆಯನ್ನು ಇಂಗ್ಲಿಷರಿಗೆ ಬರೆದುಕೊಟ್ಟ. ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಆಗ. ಇಂದು ಅದರ ಒಂದು ದೊಡ್ಡ ಭಾಗವನ್ನು ರಾಯಲಸೀಮೆ ಎನ್ನುತ್ತೇವೆ.

ರಕ್ಷಣೆಗೆ ಕರೆದ ಸೇನೆ ಇದ್ದಲ್ಲೇ ಇತ್ತು. ಅದಕ್ಕೆ ಸಂಬಳ ಕೊಡಲು ಜಿಲ್ಲೆಗಳೇ ಹೋದವು. ರಾಯದುರ್ಗ ಕಂಪನಿಗೆ ಸೇರಿ ಮದರಾಸು ಪ್ರಾಂತ್ಯದ ಭಾಗವಾಯಿತು. ಮೊಳಕಾಲ್ಮುರು ಮೈಸೂರಿನಲ್ಲಿ ಉಳಿಯಿತು. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮೊಳಕಾಲ್ಮುರಿನಿಂದ ರಾಯದುರ್ಗಕ್ಕೆ ಹೋಗುವವರು ಇಂದು ರಾಜ್ಯದ ಗಡಿ ದಾಟುತ್ತಾರೆ. ಎರಡೂ ಕಡೆ ಒಂದೇ ಬಣ್ಣದ ಕೆಂಪು ನೆಲ, ಅದೇ ಬಂಡೆ ಗುಡ್ಡ, ಅದೇ ಶೇಂಗಾ. ಬೀಗತನ ಎರಡೂ ಕಡೆ, ಕನ್ನಡ ತೆಲುಗು ಎರಡೂ ಕಡೆ. ಬದಲಾಗುವುದು ಬಸ್ಸಿನ ಫಲಕ, ಪಡಿತರ ಚೀಟಿ, ಶಾಲೆಯ ಮಾಧ್ಯಮ. ಟಿಪ್ಪುವಿನ ರಾಜ್ಯ ಹಂಚುವಾಗ ಎಳೆದ, ಹೈದರಾಬಾದಿನ ದರ್ಬಾರಿನಲ್ಲಿ ವಿದೇಶಿ ಸೇನೆಯ ಬಾಬ್ತು ತೀರಿಸುವಾಗ ಗಟ್ಟಿಯಾದ ಗೆರೆ ಇನ್ನೂರು ವರ್ಷ ದಾಟಿ ಇಲ್ಲಿನ ಮಕ್ಕಳು ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯಬೇಕೆಂಬುದನ್ನು ತೀರ್ಮಾನಿಸುತ್ತಿದೆ.

ಹೊರಗಿನ ಸೇನೆಯ ನೆರವು ಎಂದೂ ಉಚಿತವಲ್ಲ. ಸಿರಿಯಾದಲ್ಲಿ ರಷ್ಯಾ ತಾರ್ತೂಸ್ ನೌಕಾನೆಲೆಗೆ 49 ವರ್ಷದ ಕರಾರು ಬರೆಸಿಕೊಂಡಿತು. ಉಕ್ರೇನಿನ ಖನಿಜಗಳ ಕುರಿತು ಅಮೆರಿಕ 2025ರಲ್ಲಿ ಒಪ್ಪಂದ ಮಾಡಿಕೊಂಡಿತು. ನೆರವು ಕೇಳುವವರ ಸಂಕಟ ನಿಜ. ಉಕ್ರೇನಿನಂಥ ದೇಶಕ್ಕೆ ದಾಳಿ ತಡೆಯಲು ಆಯುಧ ಬೇಕಿತ್ತು, ಕೇಳಿತು. ತಪ್ಪು ಕೇಳಿದವರದಲ್ಲ. ಆದರೆ ಬೆಲೆ ಎಲ್ಲಿ, ಯಾವ ತಲೆಮಾರಿನ ಮೇಲೆ ಬೀಳುತ್ತದೆಂದು ವಾದಿಸುವ ನಾವಾದರೂ ಕೇಳಬೇಕು.

ಅದೇ ಕಾವಲು, ಬೇರೆ ಯುದ್ಧ

ಯುದ್ಧ ಹಳೆಯ ಕಾಲದ ನೆನಪಾಗಿ ಮಾತ್ರ ಇಲ್ಲಿ ಉಳಿದಿಲ್ಲ. ನಾಯಕನಹಟ್ಟಿ ಹೋಬಳಿಯ ಸುತ್ತಲಿನ ಅಮೃತಮಹಲ್ ಕಾವಲುಗಳನ್ನೇ ನೋಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಅರಮನೆಯ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಈ ಎತ್ತುಗಳು ಫಿರಂಗಿ ಎಳೆದವು, ಸೇನೆಯ ಸಾಮಾನು ಹೊತ್ತವು. ಹೈದರ್ ಮತ್ತು ಟಿಪ್ಪುವಿನ ದಂಡು ಅಷ್ಟು ವೇಗವಾಗಿ ಸಾಗುತ್ತಿದ್ದುದರ ಗುಟ್ಟು ಈ ತಳಿ ಎಂದು ಎದುರಾಳಿಗಳೇ ಬರೆದರು. 1799ರ ನಂತರ ಅದೇ ಎತ್ತುಗಳು ಇಂಗ್ಲಿಷರ ಫಿರಂಗಿ ಎಳೆದವು. ಯುದ್ಧದ ಎತ್ತಿಗೆ ಹುಲ್ಲು ಬೇಕೆಂದು ಕಾಯ್ದಿಟ್ಟ ನೆಲವೇ ಕಾವಲು.

ಯುದ್ಧದ ಸ್ವರೂಪ ಬದಲಾಯಿತು, ಕಾವಲು ಮತ್ತೆ ಅದರ ಕೆಲಸಕ್ಕೆ ಬಂತು. 2008ರಿಂದ 2010ರ ಸುಮಾರಿಗೆ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳಿಂದ ಒಟ್ಟು ಹತ್ತು ಸಾವಿರ ಎಕರೆಯಷ್ಟು ಜಮೀನನ್ನು ಹಂಚಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ‘ತಪಸ್’ ಡ್ರೋನ್‌ಗಳು ಹಾರಿದ್ದು ಇಲ್ಲಿಂದಲೇ. 2022ರ ಜುಲೈ 1ರಂದು ಪೈಲಟ್ ಇಲ್ಲದ ರೆಕ್ಕೆರೂಪದ ವಿಮಾನದ ಮೊದಲ ಹಾರಾಟ ನಡೆದದ್ದೂ ಇಲ್ಲೇ. ಇಸ್ರೊದ ಮರುಬಳಕೆಯ ಉಡಾವಣಾ ವಾಹನ ‘ಪುಷ್ಪಕ್’ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿ ಓಡುದಾರಿಗೆ ಇಳಿದದ್ದು ಇದೇ ನೆಲದಲ್ಲಿ.

ಇದರಲ್ಲಿ ಹೆಮ್ಮೆಪಡುವುದಿದೆ. ಅಜರ್‌ಬೈಜಾನ್ ಮತ್ತು ಅರ್ಮೇನಿಯ ನಡುವಿನ 2020ರ ಯುದ್ಧದಿಂದ ಉಕ್ರೇನ್‌ವರೆಗೆ ಡ್ರೋನ್ ಯುದ್ಧದ ದಿಕ್ಕನ್ನೇ ಬದಲಿಸಿದೆ. 2025ರ ಮೇ ತಿಂಗಳಲ್ಲಿ ನಮ್ಮ ಪಶ್ಚಿಮ ಗಡಿಯಲ್ಲೂ ಅದನ್ನು ಕಂಡೆವು. ಬೇರೆಯವರ ಆಯುಧಕ್ಕೆ ಕೈಯೊಡ್ಡುವ ದೇಶ ಬೇರೆಯವರ ಮಾತಿಗೂ ತಲೆಯೊಡ್ಡಬೇಕಾಗುತ್ತದೆ ಎಂಬುದನ್ನು ನಿಜಾಮನ ಕಥೆಯೇ ಹೇಳಿತು. ಆದ್ದರಿಂದ ಸ್ವಂತ ರಕ್ಷಣೆಯ ಸಾಮರ್ಥ್ಯ ಬೇಕು.

ಆದರೆ ಆ ಹುಲ್ಲುಗಾವಲು ಖಾಲಿ ಬಿದ್ದ ನೆಲವಾಗಿರಲಿಲ್ಲ. ಕಾವಲಿನಂಚಿನ ಊರುಗಳ ಕುರಿಗಾಹಿಗಳಿಗೆ ಅದು ಮೇವಿನ ಉಗ್ರಾಣ. ಮಳೆಗಾಲ ಕಳೆದು ಹುಲ್ಲು ಒಣಗಿ ಬಿಳಿಚಿದ ಮೇಲೂ ಕುರಿ ಬಾಯಾಡಿಸುವಷ್ಟು ಅಲ್ಲಿ ಸಿಗುತ್ತಿತ್ತು. ಕುರಿ ಇದ್ದರೆ ಉಣ್ಣೆ. ಉಣ್ಣೆ ಕತ್ತರಿಸಿ, ನೂತು, ಹುಣಸೆಬೀಜದ ಗಂಜಿ ಬಳಿದು ಬಿಗಿಮಾಡಿ, ಗುಣಿಮಗ್ಗದಲ್ಲಿ ನೇದರೆ ಚಳ್ಳಕೆರೆಯ ಕಂಬಳಿ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿಗೂ ಬರಗಾಲದಲ್ಲಿ ಇಂಥ ಗೋಮಾಳ, ಕಾವಲುಗಳೇ ಗತಿ. ಎತ್ತರದ ಕಾಂಪೌಂಡ್ ಗೋಡೆ ಎದ್ದ ಮೇಲೆ ಈ ಸರಪಳಿ ತುಂಡಾಯಿತು. ದೊಡ್ಡಉಳ್ಳಾರ್ತಿ ಮೊದಲಾದ ಊರುಗಳ ಜನ ಬೀದಿಗಿಳಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಯೋಜನೆಗಳು ಮುಂದುವರಿದವು. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲದಲ್ಲಿ ಪರೀಕ್ಷಾ ಡ್ರೋನ್‌ಗಳು ಬಿದ್ದವು. ಅದೃಷ್ಟಕ್ಕೆ ಜೀವಹಾನಿ ಆಗಲಿಲ್ಲ.

ದೇಶರಕ್ಷಣೆ ಇಡೀ ದೇಶದ್ದು. ಅದರ ಬೆಲೆಯನ್ನು ಕುರಿಗಾಹಿಯ ಮನೆಯೊಂದೇ ತೆರಬೇಕೆಂಬುದು ನ್ಯಾಯವಲ್ಲ. ಕಾವಲು ಕೊಟ್ಟ ಊರುಗಳಿಗೆ ಬದಲಿ ಮೇವಿನ ನೆಲ, ಸಂಸ್ಥೆಗಳಲ್ಲಿ ಅಲ್ಲಿನ ಮಕ್ಕಳಿಗೆ ಕೆಲಸ ಮತ್ತು ತರಬೇತಿ ಹಕ್ಕಾಗಿ ಸಿಗಬೇಕು.

ಮೂರು ಗುಂಡುಗಳ ಮೇಲಿನ ಮಾತು

ಕುದಾಪುರದಿಂದ ಉತ್ತರಕ್ಕೆ ಹೊರಟರೆ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಸಿಗುತ್ತವೆ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನಗಳನ್ನು ಪತ್ತೆಮಾಡಿದರು. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ‘ಅಕ್ಷರಗುಂಡು’ ಎನ್ನುತ್ತಿದ್ದರು. ಜಟಿಂಗರಾಮೇಶ್ವರದ್ದು ‘ಬಳೆಗಾರ ಗುಂಡು’. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಬಂಡೆ ಅದು, ಅಕ್ಷರಗಳು ಬಹಳ ಸವೆದಿವೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಕಳಿಸಿದ ಆಜ್ಞೆ ಈ ಶಾಸನಗಳಲ್ಲಿದೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಬೇಕು, ಸತ್ಯ ಹೇಳಬೇಕು ಎಂಬ ಧರ್ಮದ ಮಾತು ಅದರಲ್ಲಿದೆ. ಬರೆದವನು ಚಪಡ, ಕೊನೆಯ ಪದವನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಸಾಮ್ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಲಿಪಿಕಾರರು ನಡೆದುಬಂದಿದ್ದರು.

ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದರು ಎಂದು ಅಶೋಕ ಹೇಳಿಕೊಂಡ ಪಶ್ಚಾತ್ತಾಪದ ಮಾತು ಈ ಬಂಡೆಗಳಲ್ಲಿಲ್ಲ. ಅದು ಅವನ ಹದಿಮೂರನೆಯ ಶಿಲಾಶಾಸನದಲ್ಲಿದೆ, ಬೇರೆ ಊರುಗಳಲ್ಲಿದೆ. ಆ ಶಾಸನವನ್ನು ಕಳಿಂಗದಲ್ಲೇ, ಧೌಳಿ ಮತ್ತು ಜೌಗಡದಲ್ಲಿ ಕೆತ್ತಿಸಲಿಲ್ಲ. ನೊಂದವರ ಊರಿಗೆ ಆಡಳಿತದ ಬುದ್ಧಿವಾದ ಹೋಯಿತು, ಪಶ್ಚಾತ್ತಾಪ ಬೇರೆಯವರಿಗೆ ಹೋಯಿತು. ಗೆದ್ದ ನಾಡನ್ನು ಹಿಂದಿರುಗಿಸಲೂ ಇಲ್ಲ. ಪಶ್ಚಾತ್ತಾಪದ ಶಾಸನದಲ್ಲೇ ಅಟವಿಯ ಜನರಿಗೆ ಎಚ್ಚರಿಕೆಯೂ ಇದೆ: ದೊರೆ ನೊಂದಿದ್ದಾನೆ, ಆದರೆ ಅವನ ಬಲ ಹಾಗೇ ಇದೆ.

ಇಷ್ಟಾದರೂ ಅಶೋಕ ಒಂದು ಕೆಲಸ ಮಾಡಿದ. ತಾನು ಗೆದ್ದ ಯುದ್ಧದಲ್ಲಿ ಸತ್ತವರ ಸಂಖ್ಯೆಯನ್ನು ತಾನೇ ಬರೆಸಿದ. ಇರಾಕ್‌ಗೆ ಸೇನೆ ಒಯ್ದ ಅಮೆರಿಕ, ಉಕ್ರೇನಿಗೆ ಒಯ್ದ ರಷ್ಯಾ ಇದನ್ನು ಮಾಡಿಲ್ಲ. ಹೆಣದ ಲೆಕ್ಕ ಮುಚ್ಚಿಟ್ಟ ಯುದ್ಧವನ್ನು ನಂಬಬಾರದು ಎಂಬುದಕ್ಕೆ ಅವನ ಶಾಸನ ಎರಡು ಸಾವಿರದ ಇನ್ನೂರು ವರ್ಷಗಳಿಂದ ಸಾಕ್ಷಿಯಾಗಿದೆ.

ನಮ್ಮ ಪಾಲು, ನಮ್ಮ ಪ್ರಶ್ನೆ

ಭಾರತ ಈ ವಾದಗಳ ಹೊರಗೆ ನಿಂತ ದೇಶವಲ್ಲ. 1971ರ ಏಪ್ರಿಲ್ 17ರಂದು ಬಾಂಗ್ಲಾದೇಶದ ತಾತ್ಕಾಲಿಕ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ನೆಲಕ್ಕೆ ಬಂದರು. ಡಿಸೆಂಬರ್ 6ರಂದು ನಾವು ಆ ಸರ್ಕಾರವನ್ನು ಮಾನ್ಯ ಮಾಡಿದೆವು. ಯುದ್ಧ ಮುಗಿದು ಮೂರು ತಿಂಗಳಲ್ಲಿ, 1972ರ ಮಾರ್ಚ್‌ನಲ್ಲಿ ನಮ್ಮ ಸೇನೆ ಮರಳಿತು. ಶ್ರೀಲಂಕಾಕ್ಕೆ 1987ರಲ್ಲಿ ಶಾಂತಿಪಾಲನೆಗೆಂದು, ಅಲ್ಲಿನ ಸರ್ಕಾರದ ಒಪ್ಪಿಗೆಯಿಂದಲೇ ಹೋದೆವು. ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು, ಸಿಂಹಳರಿಗೂ ತಮಿಳರಿಗೂ ಬೇಡವಾಗಿ 1990ರಲ್ಲಿ ಮರಳಿದೆವು. ಅಲ್ಲಿ ಆಹ್ವಾನ ಇತ್ತು, ಆದರೆ ಯುದ್ಧಕ್ಕೆ ತುದಿ ಇರಲಿಲ್ಲ. ಬಾಂಗ್ಲಾದಲ್ಲಿ ತುದಿ ಸ್ಪಷ್ಟವಿತ್ತು, ಮರಳುವ ದಿನವೂ ಬಂತು.

2011ರಲ್ಲಿ ಲಿಬಿಯಾದ ಮೇಲೆ ಬಲ ಪ್ರಯೋಗಕ್ಕೆ ಅನುಮತಿ ಕೊಟ್ಟ ಭದ್ರತಾ ಮಂಡಳಿಯ 1973ನೇ ನಿರ್ಣಯಕ್ಕೆ ಭಾರತ ಮತ ಹಾಕದೆ ತಟಸ್ಥವಾಗಿತ್ತು. ಜನರನ್ನು ಕಾಪಾಡಲು ಎಂದು ಆರಂಭವಾದ ನ್ಯಾಟೊ ದಾಳಿ ಸರ್ಕಾರ ಉರುಳಿಸುವಲ್ಲಿ ಮುಗಿಯಿತು, ದೇಶ ಎರಡಾಯಿತು. ನಮ್ಮ ಹಿಂಜರಿಕೆ ಸರಿಯಿತ್ತು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯಾದ ದಾಳಿಯನ್ನು ಖಂಡಿಸುವ ನಿರ್ಣಯದ ಪರ 141 ದೇಶಗಳು ನಿಂತಾಗಲೂ ನಾವು ತಟಸ್ಥರಾಗಿಯೇ ಉಳಿದೆವು. ಆಮೇಲೆ ರಷ್ಯಾದ ಅಗ್ಗದ ಕಚ್ಚಾತೈಲ ನಮ್ಮ ಆಮದಿನ ಮೂರನೇ ಒಂದು ಭಾಗದಷ್ಟಾಯಿತು. ಬಡ ದೇಶದ ಗ್ರಾಹಕನಿಗೆ ಅಗ್ಗದ ತೈಲ ಬೇಕು, ಒಪ್ಪೋಣ. ಆದರೆ ನೆರೆಯ ದೇಶದ ಗಡಿ ದಾಟಿ ಸೇನೆ ನುಗ್ಗಿಸಿದ್ದು ತಪ್ಪು ಎಂದು ಗಟ್ಟಿಯಾಗಿ ಹೇಳಲು ನಮಗೆ ಬಾಯಿ ಬರಬೇಕಿತ್ತು. ದೊಡ್ಡವರ ದಂಡಿಗೆ ಸಿಕ್ಕಿ ಚದುರಿದ ಸೀಮೆಗಳಿರುವ ದೇಶ ಇದನ್ನು ಹೇಳದಿದ್ದರೆ ಇನ್ನಾರು ಹೇಳಬೇಕು?

ಹಾಗಾದರೆ ಎಲ್ಲ ಯುದ್ಧವೂ ಒಂದೇ, ಎಲ್ಲರೂ ತಪ್ಪಿತಸ್ಥರು ಎನ್ನುವುದೆ? ಅಲ್ಲ. ಅದು ಯೋಚನೆಯಿಂದ ತಪ್ಪಿಸಿಕೊಳ್ಳುವ ಮಾತು. ದಾಳಿ ಮಾಡಿದವನಿಗೂ ದಾಳಿಗೆ ಸಿಕ್ಕವನಿಗೂ ವ್ಯತ್ಯಾಸವಿದೆ, ಅದನ್ನು ಹೆಸರು ಹಿಡಿದು ಹೇಳಬೇಕು. ಹೇಳುವ ಮೊದಲು ಪ್ರತಿ ಯುದ್ಧಕ್ಕೂ ಒಂದೇ ಅಳತೆಗೋಲು ಹಿಡಿಯಬೇಕು. ಸೇನೆಯನ್ನು ಕರೆದವರು ಯಾರು, ಅವರಿಗೆ ಕರೆಯುವ ಅಧಿಕಾರ ಕೊಟ್ಟವರು ಯಾರು? ಬಂದ ಸೇನೆ ಮರಳುವ ದಿನ ಯಾವುದು? ಅದರ ಬಾಬ್ತಿಗೆ ಬರೆದುಕೊಟ್ಟದ್ದು ಏನು? ಸತ್ತವರನ್ನು, ಎಬ್ಬಿಸಿ ಓಡಿಸಿದವರನ್ನು ಎಣಿಸಿದವರು ಯಾರು? ಅಮೆರಿಕಕ್ಕೂ ರಷ್ಯಾಕ್ಕೂ ಟರ್ಕಿಗೂ ಸೌದಿಗೂ ನಮಗೂ ಇದೇ ಪ್ರಶ್ನೆಗಳು.

ಚಳ್ಳಕೆರೆ, ಮೊಳಕಾಲ್ಮುರಿನ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಯುದ್ಧ ಬೇಕೆ ಬೇಡವೆ ಎಂಬ ವಿಷಯ ವರ್ಷವರ್ಷವೂ ಬರುತ್ತದೆ. ಪರ ವಿರೋಧದ ಭಾಷಣ ಬಾಯಿಪಾಠ ಮಾಡುವ ಬದಲು ವಿದ್ಯಾರ್ಥಿಗಳು ದತ್ತ ಮಂಡಲದ ನಕಾಶೆ ಬಿಡಿಸಲಿ, 1779ರಲ್ಲಿ ಊರು ಬಿಟ್ಟವರ ಲೆಕ್ಕ ಹುಡುಕಲಿ, ಕಾವಲಿನ ಊರುಗಳಿಗೆ ಹೋಗಿ ಮೇವಿನ ಲೆಕ್ಕ ಬರೆಯಲಿ, ಆಮೇಲೆ ಸುಡಾನ್ ಮತ್ತು ಉಕ್ರೇನಿನ ಮಾತೆತ್ತಲಿ. ಆ ವಾದದಲ್ಲಿ ಯಾರು ಗೆಲ್ಲಬೇಕು ಎಂಬುದಕ್ಕಿಂತ ಮೊದಲು ಯಾರು ಉಳಿಯಬೇಕು ಎಂಬ ಪ್ರಶ್ನೆ ಬರುತ್ತದೆ. ಮದಕರಿ ನಾಯಕನ ಸೀಮೆಯನ್ನು ಹೈದರನಿಗೆ ಒಪ್ಪಿಸಿದಾಗ, ರಾಯದುರ್ಗವನ್ನು ಕಂಪನಿಗೆ ಬರೆದುಕೊಟ್ಟಾಗ ಆ ಪ್ರಶ್ನೆ ಕೇಳುವವರು ಇರಲಿಲ್ಲ. ಇಂದು ಕೇಳಲು ನಮಗೆ ಮತವಿದೆ, ಮಾತಿದೆ. ಕೇಳದೆ ಇರುವುದಕ್ಕೆ ಕಾರಣ ಉಳಿದಿಲ್ಲ.